ಸಸ್ಯಗಳ ಕೃತಕ ಬೆಳಕಿನ ಇತಿಹಾಸದಲ್ಲಿ ಮಿಶ್ರದೀಪದ ಸ್ಥಾನ

೧

ಸಸ್ಯಜೀವನಕ್ಕೆ ಬೆಳಕೇ ಆಧಾರವೆಂಬುದು ಎಲ್ಲರಿಗೂ ತಿಳಿದ ವಿಷಯ. 'ಬೆಳಕು', 'ಬೆಳೆ' ಎಂಬೆರಡು ಶಬ್ದಗಳು ಕನ್ನಡಿಗರ ಕಿವಿಗೆ ಒಡಹುಟ್ಟಿದವುಗಳಂತೆಯೇ ಕೇಳುತ್ತವೆ. ಮೊದಲನೆಯದು ಬಿಳುಪೆಂಬ ಅರ್ಥವುಳ್ಳ 'ಬೆಳ್' ಎಂಬುದಕ್ಕೂ, ಎರಡನೆಯದು ತಮಿಳಿನ 'ವಿಳೈ' ಎಂಬ ಧಾತುವಿನ ಬಳಗಕ್ಕೂ ಸೇರಿದುವಾದ್ದರಿಂದ ಇವುಗಳ ಸಾದೃಶ್ಯವು ಧ್ವನಿಮಾತ್ರದ್ದು. ಆದರೆ ಶಬ್ದಶಾಸ್ತ್ರವು ಬೇರ್ಪಡಿಸಿದ ಇವೆರಡನ್ನೂ ಸಸ್ಯಶಾಸ್ತ್ರವು ಒಂದುಗೂಡಿಸಿದೆ. ಸೂರ್ಯನಿಗೆ ಬದಲಾಗಿ ದೀಪವನ್ನಿಟ್ಟು ಗಿಡವನ್ನು ಬೆಳೆಸಬಹುದೇ ಎಂಬ ಪ್ರಶ್ನೆಯನ್ನು ವಿದ್ವಾಂಸರು ಇನ್ನೂರು ವರ್ಷಗಳಿಗೂ ಹಿಂದಿನಿಂದ ಕೇಳುತ್ತ ಬಂದಿದ್ದಾರೆ. ವಿದ್ಯುದ್ದೀಪವು ಹುಟ್ಟಿದ ಮೇಲೆ ಆ ಪ್ರಶ್ನೆಗೆ ಪ್ರಯೋಗಪೂರ್ವಕವಾದ ಉತ್ತರಗಳೂ ದೊರೆಯುತ್ತ ಬಂದಿವೆ.

ಪ್ರಕೃತ ಲೇಖನದಲ್ಲಿ ವಿಚಾರಮಾಡಬೇಕೆಂದಿರುವುದು ಆ ದೀಪಗಳ ಪೈಕಿ ಅತ್ಯಂತ ಅಲಕ್ಷಿತವಾದುದೊಂದನ್ನು. ಟ್ಯೂಬ್‌ಲೈಟ್ ಎಂದು ನಾವು ಕರೆಯುವ ಪ್ರತಿದೀಪ್ತಿಯ ಕೊಳವೆಗಳೆರಡನ್ನು ಒಂದು ಹಲಗೆಗೋ ತಗಡಿಗೋ ಬಿಗಿದು, ಅವುಗಳ ನಡುವೆ ಕೆಂಪು ಎಲ್.ಇ.ಡಿ.ಗಳ ಸಾಲೊಂದನ್ನು ಜೋಡಿಸಿ, ಮನೆಯೊಳಗಿನ ಕುಂಡಗಳ ಮೇಲೆ ತೂಗುಹಾಕುವ ದೀಪವೇ ಅದು. ಇದನ್ನು ಕಾರ್ಖಾನೆಗಳಿಗಿಂತ ಹೆಚ್ಚಾಗಿ ಮನೆಗಳಲ್ಲಿ ಹವ್ಯಾಸಿಗಳೇ ಕಟ್ಟಿಕೊಂಡರು. ಇದನ್ನು ಇಲ್ಲಿ 'ಮಿಶ್ರದೀಪ'ವೆಂದು ಕರೆಯುತ್ತೇನೆ.

ದೀಪಗಳ ಇತಿಹಾಸವನ್ನು ಸಾಮಾನ್ಯವಾಗಿ ರಾಜವಂಶಾವಳಿಯಂತೆ ಹೇಳುವ ವಾಡಿಕೆಯುಂಟು. ಇಂಗಾಲದ ಕಡ್ಡಿಗಳ ನಡುವೆ ಉರಿಯುವ ಕಮಾನುದೀಪವು ಮೊದಲು ಆಳಿತು. ಅದನ್ನು ತಂತಿದೀಪವು ಪದಚ್ಯುತಗೊಳಿಸಿತು. ತಂತಿದೀಪವನ್ನು ಟ್ಯೂಬುದೀಪವೂ, ಟ್ಯೂಬುದೀಪವನ್ನು ಎಲ್.ಇ.ಡಿ.ಯೂ ಕ್ರಮವಾಗಿ ಜಯಿಸಿದುವು ಎಂಬುದು ಆ ಕಥನದ ಸಾರ. ಹೀಗೆ ಹೇಳುವವರ ದೃಷ್ಟಿಯಲ್ಲಿ ಮಿಶ್ರದೀಪವು ಎರಡು ಆಳಿಕೆಗಳ ನಡುವಣ ಅರಾಜಕ ಕಾಲದ ಒಂದು ತೇಪೆಕೆಲಸ. ಹಳೆಯದನ್ನು ಬಿಡಲಾರದೆ, ಹೊಸದನ್ನು ಪೂರ್ಣವಾಗಿ ಕೊಳ್ಳಲೂ ಆರದೆ, ಬಡ ಹವ್ಯಾಸಿಯು ಮಾಡಿಕೊಂಡ ಒಪ್ಪಂದ. ಇದು ಪೂರ್ವಪಕ್ಷ.

ಈ ಅಭಿಪ್ರಾಯವು ನಿಲ್ಲತಕ್ಕದ್ದಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ದಾಖಲೆಗಳನ್ನು ಕ್ರಮವಾಗಿ ನೋಡುತ್ತ ಹೋದರೆ, ಸಸ್ಯಗಳ ವಿಷಯದಲ್ಲಿ ಯಾವ ಹೊಸ ದೀಪವೂ ಒಂಟಿಯಾಗಿ ಸಿಂಹಾಸನವೇರಲಿಲ್ಲವೆಂಬುದು ಗೊತ್ತಾಗುತ್ತದೆ. ಪ್ರತಿಯೊಂದೂ ತನ್ನ ಕೊರತೆಯನ್ನು ತುಂಬಲು ಹಿಂದಿನದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆಳಿತು. ಬೆರಕೆಯೇ ಇಲ್ಲಿ ನಿಯಮ, ಒಂಟಿತನವೇ ಅಪವಾದ.

೨

ಗಿಡದ ಹಸುರು ಭಾಗಗಳು ಬಿಸಿಲಿನಲ್ಲಿ ಮಾತ್ರ ವಾಯುವನ್ನು ಶುದ್ಧಿಮಾಡುತ್ತವೆಂಬುದನ್ನು ಹಾಲೆಂಡಿನಲ್ಲಿ ಹುಟ್ಟಿದ ವೈದ್ಯ ಯಾನ್ ಇಂಗೆನ್‌ಹೌಸ್ ೧೭೭೯ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಸ್ಥಾಪಿಸಿದನು. ಸೂರ್ಯನಲ್ಲದೆ ದೀಪವೂ ಗಿಡದ ಮೇಲೆ ಪ್ರಭಾವವನ್ನು ಬೀರಬಲ್ಲುದೆಂಬುದನ್ನು ತೋರಿಸಿದವನು ಸ್ವಿಟ್ಸರ್ಲೆಂಡಿನ ಒಗ್ಯುಸ್ತ್ಯಾಂ ಪಿರಾಮ್ ದ ಕಾಂದೊಲ್. ೧೮೦೬ರಲ್ಲಿ ಪ್ರಕಟವಾದ ಆತನ ಪ್ರಬಂಧದಲ್ಲಿ, ನಮ್ಮ ಹಳ್ಳಿಯ ಮಕ್ಕಳೆಲ್ಲ ಬಲ್ಲ ಮುಟ್ಟಿದರೆ ಮುನಿ ಗಿಡವನ್ನು ರಾತ್ರಿಯೆಲ್ಲ ದೀಪದ ಬೆಳಕಿನಲ್ಲಿಯೂ ಹಗಲೆಲ್ಲ ಕತ್ತಲೆಯಲ್ಲಿಯೂ ಇಟ್ಟಾಗ, ಅದು ಕೆಲಕಾಲ ತಡವರಿಸಿ, ಬಳಿಕ ಎಲೆಗಳನ್ನು ರಾತ್ರಿ ತೆರೆಯುವುದಕ್ಕೂ ಹಗಲು ಮುಚ್ಚುವುದಕ್ಕೂ ತೊಡಗಿತೆಂದು ಹೇಳಿದೆ. ಎಣ್ಣೆದೀಪದ ಬೆಳಕು ಗಿಡಕ್ಕೆ ಹಗಲಿನ ಭ್ರಾಂತಿಯನ್ನು ಕೊಟ್ಟಿತು. ಆದರೆ ಹಗಲಿನ ಆಹಾರವನ್ನು ಕೊಡುವಷ್ಟು ಪ್ರಖರವಾಗಿರಲಿಲ್ಲ.

ಆ ಪ್ರಖರತೆಯು ವಿದ್ಯುತ್ಕಮಾನಿನಿಂದ ಒದಗಿತು. ಫ್ರಾನ್ಸಿನ ಎರ್ವೆ ಮಾಂಗೊಂ ಎಂಬವನು ೧೮೬೧ರಲ್ಲಿ ಕಮಾನುದೀಪದ ಬೆಳಕಿನಲ್ಲಿ ರೈ ಧಾನ್ಯದ ಮೊಳಕೆಗಳು ಹಸುರೇರಿದುದನ್ನು ವರದಿಮಾಡಿದನು. ಪತ್ರಹರಿತ್ ಎಂಬ ಹಸುರು ದ್ರವ್ಯವು ಹುಟ್ಟುವುದಕ್ಕೆ ಸೂರ್ಯನೇ ಆಗಬೇಕೆಂಬುದಿಲ್ಲವೆಂದು ಇದರಿಂದ ಸಿದ್ಧವಾಯಿತು.

ಇದಕ್ಕೆ ಹತ್ತೊಂಬತ್ತು ವರ್ಷಗಳ ತರುವಾಯ, ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಶಿಲ್ಪಶಾಸ್ತ್ರಜ್ಞ ವಿಲಿಯಂ ಸೀಮೆನ್ಸನು ಮಾಡಿದ ಪ್ರಯೋಗವು ಈ ಇತಿಹಾಸದ ಮೊದಲನೆಯ ಮೈಲಿಗಲ್ಲು. ಟನ್‌ಬ್ರಿಡ್ಜ್ ವೆಲ್ಸಿನ ಸಮೀಪದಲ್ಲಿದ್ದ ತನ್ನ ಮನೆಯ ತೋಟದಲ್ಲಿ ೧೪೦೦ ಮೋಂಬತ್ತಿಗಳ ಶಕ್ತಿಯ ಕಮಾನುದೀಪವನ್ನಿಟ್ಟು, ಸಾಸುವೆ, ಗಜ್ಜರಿ, ಹುರುಳಿಕಾಯಿ, ಸೌತೆ, ಕರಬೂಜ ಮುಂತಾದುವುಗಳ ಕುಂಡಗಳನ್ನು ಆತನು ನಾಲ್ಕು ಗುಂಪುಗಳಾಗಿ ವಿಂಗಡಿಸಿದನು. ಮೊದಲನೆಯ ಗುಂಪನ್ನು ಕತ್ತಲೆಯಲ್ಲಿಯೂ, ಎರಡನೆಯದನ್ನು ವಿದ್ಯುದ್ದೀಪದಲ್ಲಿ ಮಾತ್ರವೂ, ಮೂರನೆಯದನ್ನು ಹಗಲಿನ ಬೆಳಕಿನಲ್ಲಿ ಮಾತ್ರವೂ ಇಟ್ಟು, ನಾಲ್ಕನೆಯದಕ್ಕೆ ಹಗಲಿನಲ್ಲಿ ಸೂರ್ಯನನ್ನೂ ರಾತ್ರಿಯಲ್ಲಿ ದೀಪವನ್ನೂ ಒದಗಿಸಿದನು. ಕತ್ತಲೆಯ ಗಿಡಗಳು ಹಳದಿಯಾಗಿ ಸತ್ತುವು. ದೀಪದ ಗಿಡಗಳು ತಿಳಿಹಸುರಾಗಿ ಬದುಕಿಕೊಂಡುವು. ಹಗಲಿನವು ಅವಕ್ಕಿಂತ ಪುಷ್ಟವಾಗಿದ್ದುವು. ಎರಡೂ ದೊರೆತವು ಎಲ್ಲಕ್ಕಿಂತ ಕಡುಹಸುರಾಗಿ ಮೆರೆದುವು. ೧೮೮೦ರ ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಫಲಿತಾಂಶವನ್ನು ಆತನು ಓದಿದನು.

ಇಲ್ಲಿ ಎಚ್ಚರದಿಂದ ವಿವೇಚನೆ ಮಾಡಬೇಕಾದ ಅಂಶವೊಂದಿದೆ. ನಾಲ್ಕನೆಯ ಗುಂಪಿನ ಗೆಲವು ಎರಡು ಬೆಳಕುಗಳ ಗುಣಗಳು ಬೆರೆತುದರಿಂದ ಬಂದುದಲ್ಲ; ಬೆಳಕು ಹೆಚ್ಚು ಹೊತ್ತು ದೊರೆತುದರಿಂದ ಬಂದುದೆಂದು ಆ ಪ್ರಯೋಗವನ್ನು ಅರ್ಥಮಾಡಲು ಯಾವ ಅಡ್ಡಿಯೂ ಇಲ್ಲ. ಬೆಳಕನ್ನು ಬೆಳಕಿಗೆ ಕೂಡಿಸುವುದರಲ್ಲಿ ಎರಡು ವಿಧಗಳುಂಟು: ಹೊತ್ತನ್ನೋ ಮೊತ್ತವನ್ನೋ ಹೆಚ್ಚಿಸುವುದು ಒಂದು, ಇಲ್ಲದ ಬಣ್ಣವನ್ನು ತಂದು ಸೇರಿಸುವುದು ಇನ್ನೊಂದು. ಇವುಗಳಲ್ಲಿ ಮೊದಲನೆಯದನ್ನು ಪರಿಮಾಣದ ಬೆರಕೆಯೆಂದೂ ಎರಡನೆಯದನ್ನು ವರ್ಣದ ಬೆರಕೆಯೆಂದೂ ಕರೆಯೋಣ. ಸೀಮೆನ್ಸನದು ಮೊದಲನೆಯ ವಿಧದ್ದು. ನಮ್ಮ ಮಿಶ್ರದೀಪವು ಎರಡನೆಯ ವಿಧದ್ದು. ಈ ಭೇದವನ್ನು ಮರೆತರೆ ವಾದವು ಸಡಿಲವಾಗುತ್ತದೆ.

ಬರಿಯ ಕಮಾನುದೀಪವು ಗಿಡಕ್ಕೆ ಅಪಾಯಕರವೆಂಬುದೂ ಬೇಗನೆ ತಿಳಿಯಿತು. ೧೮೮೧ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಪ್ರಯೋಗ ಮಾಡಿದ ದೆಯೆರೆಂ ಎಂಬ ಕೃಷಿರಸಾಯನಜ್ಞನು, ಮರೆಯಿಲ್ಲದ ದೀಪದೆದುರಿನ ಎಲೆಗಳು ಕಪ್ಪಾದುದನ್ನೂ, ಗಾಜು ಅಡ್ಡವಿದ್ದಲ್ಲಿ ಆ ಕೇಡು ತಗ್ಗಿದುದನ್ನೂ ಕಂಡನು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಲಿಬರ್ಟಿ ಹೈಡ್ ಬೇಯ್ಲಿಯು ೧೮೯೧ರಲ್ಲಿ ಪ್ರಕಟಿಸಿದ ವರದಿಯಲ್ಲಿಯೂ ಇದೇ ಅನುಭವವಿದ್ದು, ಲೆಟ್ಯೂಸ್ ಸೊಪ್ಪು ಮಾತ್ರ ದೀಪದಿಂದ ಸ್ಪಷ್ಟವಾದ ಲಾಭವನ್ನು ಪಡೆಯಿತೆಂದಿದೆ. ಈ ಲೆಟ್ಯೂಸ್ ಸೊಪ್ಪು ನಮ್ಮ ಕಥೆಯಲ್ಲಿ ಮತ್ತೆ ಮತ್ತೆ ಬರುವುದನ್ನು ವಾಚಕರು ಗಮನಿಸಬೇಕು.

೩

ಗಿಡಕ್ಕೆ ಬೆಳಕು ಬೇಕು ಎಂದರೆ ಸಾಲದು. ಯಾವ ಬೆಳಕು ಬೇಕು ಎಂಬುದೇ ಮುಂದಿನ ಪ್ರಶ್ನೆ. ಇದಕ್ಕೆ ಅತ್ಯಂತ ಸುಂದರವಾದ ಉತ್ತರವನ್ನು ಜರ್ಮನಿಯ ಎಂಗೆಲ್ಮನ್ ೧೮೮೨ರಲ್ಲಿ ಕೊಟ್ಟನು. ಪಾಚಿಯ ಎಳೆಯೊಂದರ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಪುಟ್ಟದೊಂದು ವರ್ಣಪಟಲವನ್ನು ಕೆಡಹಿ, ಆಮ್ಲಜನಕವನ್ನು ಅರಸಿ ಹೋಗುವ ಬ್ಯಾಕ್ಟೀರಿಯಾಗಳನ್ನು ಅದರ ಸುತ್ತ ಬಿಟ್ಟನು. ಅವು ಕೆಂಪು ಬಿದ್ದ ಕಡೆಯಲ್ಲಿಯೂ ನೀಲಿ ಬಿದ್ದ ಕಡೆಯಲ್ಲಿಯೂ ಗುಂಪುಗಟ್ಟಿದುವು; ಹಸುರು ಬಿದ್ದ ಕಡೆ ವಿರಳವಾಗಿದ್ದುವು. ಆಹಾರವನ್ನು ಕಟ್ಟುವ ಕಾರ್ಯದಲ್ಲಿ ಎಲ್ಲ ಬಣ್ಣಗಳೂ ಸಮಾನವಲ್ಲವೆಂಬುದು ಹೀಗೆ ಕಣ್ಣಿಗೆ ಕಾಣುವಂತಾಯಿತು.

ಇನ್ನೊಂದು ಕಡೆಯಿಂದ, ಬೆಳಕು ಗಿಡಕ್ಕೆ ಆಹಾರವಷ್ಟೇ ಅಲ್ಲ, ಸಂಕೇತವೂ ಹೌದೆಂಬ ಅರಿವು ಬೆಳೆಯಿತು. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ೧೯೨೦ರಲ್ಲಿ, ಹೊಗೆಸೊಪ್ಪಿನ ಮತ್ತು ಸೋಯಾ ಅವರೆಯ ಕೆಲವು ತಳಿಗಳು ಹೂಬಿಡುವ ಕಾಲವು ಹಗಲಿನ ಉದ್ದವನ್ನು ಅನುಸರಿಸುತ್ತದೆಂಬುದನ್ನು ಸ್ಥಾಪಿಸಿದರು. ಅಂದಿನಿಂದ ತಂತಿದೀಪಕ್ಕೆ ಹೊಸ ಕೆಲಸ ಸಿಕ್ಕಿತು. ತಂತಿದೀಪವನ್ನು ಗಿಡಗಳ ಮೇಲೆ ಪ್ರಯೋಗಿಸಿದ ವರದಿಯು ವೆಸ್ಟ್ ವರ್ಜಿನಿಯದಿಂದ ೧೮೯೪ರಷ್ಟು ಹಿಂದೆಯೇ ಬಂದಿತ್ತಾದರೂ, ಅದರ ಬಹುಪಾಲು ಶಕ್ತಿಯು ಬೇಗೆಯಾಗಿ ಹೋಗುತ್ತಿದ್ದುದರಿಂದ ಪೂರ್ಣಾಹಾರವನ್ನು ಅದರಿಂದ ನಿರೀಕ್ಷಿಸುವಂತಿರಲಿಲ್ಲ. ಸಂಜೆಯನ್ನು ನಾಲ್ಕು ಗಂಟೆಗಳಷ್ಟು ಮುಂದೂಡುವುದಕ್ಕೆ ಮಾತ್ರ ಅದು ಸಾಕಾಗಿತ್ತು.

೧೯೩೮ರಲ್ಲಿ ಅಮೆರಿಕದಲ್ಲಿ ಟ್ಯೂಬುದೀಪವು ಮಾರಾಟಕ್ಕೆ ಬಂದಿತು. ಕೊಳವೆಯೊಳಗಿನ ಪಾದರಸದ ಆವಿಯು ವಿದ್ಯುತ್ತಿನಿಂದ ಉದ್ರೇಕಗೊಂಡು, ಮುಖ್ಯವಾಗಿ ೨೫೪ ನ್ಯಾನೋಮೀಟರ್ ಅಲೆಯುದ್ದದ ಕಣ್ಣಿಗೆ ಕಾಣದ ಕಿರಣವನ್ನು ಸೂಸುತ್ತದೆ. ಕೊಳವೆಯ ಒಳಮೈಗೆ ಬಳಿದ ಲೇಪವು ಆ ಕಿರಣವನ್ನು ನುಂಗಿ ಕಾಣುವ ಬೆಳಕನ್ನಾಗಿ ಉಗುಳುತ್ತದೆ. ಈ ಎರಡನೆಯ ಕ್ರಿಯೆಯೇ ಪ್ರತಿದೀಪ್ತಿ. ದೀಪವು ತಣ್ಣಗಿರುವುದರಿಂದ ಗಿಡದ ತಲೆಗೆ ಗೇಣುದ್ದದಲ್ಲಿಯೇ ಇಡಬಹುದಾಯಿತು. ಉದ್ದವಾಗಿರುವುದರಿಂದ ಬೆಳಕು ಸಮನಾಗಿ ಹರಡಿತು. ಸಸ್ಯಶಾಸ್ತ್ರಜ್ಞರು ಇದನ್ನು ಸಂತೋಷದಿಂದ ಸ್ವೀಕರಿಸಿದರು.

ಆದರೆ ಟ್ಯೂಬುದೀಪವೊಂದರಿಂದಲೇ ಅವರು ತೃಪ್ತರಾದರೇ? ಇಲ್ಲ. ಅದರ ಬೆಳಕು ಕಣ್ಣಿಗೆ ಬಿಳುಪಾಗಿದ್ದರೂ ಕೆಂಪಿನ ತುದಿಯಲ್ಲಿ, ಅದರಲ್ಲಿಯೂ ೭೦೦ ನ್ಯಾನೋಮೀಟರಿನಾಚೆಯ ದೂರಕೆಂಪಿನಲ್ಲಿ, ದರಿದ್ರವಾಗಿತ್ತು. ಆದಕಾರಣ ಸಸ್ಯಪ್ರಯೋಗಗಳ ಕೋಣೆಗಳಲ್ಲಿ ಬಿಳಿಯ ಟ್ಯೂಬುಗಳ ಸಾಲಿನ ನಡುವೆ ಹಳೆಯ ತಂತಿದೀಪಗಳನ್ನು ಸೇರಿಸುವ ಪದ್ಧತಿಯು ಬೆಳೆದು, ಕಾಲಕ್ರಮದಲ್ಲಿ ಅದೇ ಪ್ರಮಾಣವಾಗಿ ಪರಿಣಮಿಸಿತು. ಪಾರ್ಕರ್ ಮತ್ತು ಬೋರ್ತ್‌ವಿಕ್ ಎಂಬವರು ೧೯೪೯ರಲ್ಲಿ, ಕಮಾನುದೀಪದ ಬೆಳಕಿಗೂ ತಂತಿದೀಪದ್ದನ್ನು ಕೂಡಿಸಿದರೆ ಸೋಯಾ ಗಿಡದ ಬೆಳವಣಿಗೆ ಹೆಚ್ಚುತ್ತದೆಂದು ತೋರಿಸಿದ್ದರು.

ಇಂಥ ಬೆರಕೆಯು ಏಕೆ ಫಲಿಸುತ್ತದೆಂಬುದಕ್ಕೆ ಶಾಸ್ತ್ರೀಯ ಕಾರಣಗಳು ಮುಂದಿನ ಹತ್ತು ವರ್ಷಗಳಲ್ಲಿ ಒಂದೊಂದಾಗಿ ಹೊರಬಿದ್ದುವು. ೧೯೫೨ರಲ್ಲಿ ಬೋರ್ತ್‌ವಿಕ್, ಹೆಂಡ್ರಿಕ್ಸ್ ಮತ್ತು ಅವರ ಸಂಗಡಿಗರು 'ಗ್ರಾಂಡ್ ರ್‍ಯಾಪಿಡ್ಸ್' ಎಂಬ ಲೆಟ್ಯೂಸ್ ತಳಿಯ ಬೀಜಗಳ ಮೇಲೆ ಪ್ರಯೋಗ ಮಾಡಿ, ಕೆಂಪು ಬೆಳಕು ಮೊಳಕೆಯನ್ನು ಎಬ್ಬಿಸುವುದನ್ನೂ ದೂರಕೆಂಪು ಅದನ್ನು ತಡೆಯುವುದನ್ನೂ, ಕೊನೆಯಲ್ಲಿ ಯಾವ ಬೆಳಕು ಬಿದ್ದಿತೋ ಅದರ ಆಜ್ಞೆಯೇ ನಡೆಯುವುದನ್ನೂ ಕಂಡರು. ಈ ಆಜ್ಞೆಯನ್ನು ಗ್ರಹಿಸುವ ವರ್ಣದ್ರವ್ಯವನ್ನು ೧೯೫೯ರಲ್ಲಿ ಪತ್ತೆಮಾಡಿದರು. ಅದಕ್ಕೆ ಫೈಟೋಕ್ರೋಮ್ ಎಂದು ಹೆಸರು. ಇಲಿನಾಯ್ ವಿಶ್ವವಿದ್ಯಾನಿಲಯದ ರಾಬರ್ಟ್ ಎಮರ್ಸನ್ ೧೯೫೭ರಲ್ಲಿ ಪ್ರಕಟಿಸಿದ ಸಂಗತಿಯಂತೂ ನಮ್ಮ ವಾದಕ್ಕೆ ಬುನಾದಿಯಂತಿದೆ. ಕೆಂಪಿನ ಕೊನೆಯಂಚಿನ ಬೆಳಕು ಒಂಟಿಯಾಗಿ ಬಿದ್ದರೆ ಆಹಾರನಿರ್ಮಾಣದಲ್ಲಿ ನಿಷ್ಪ್ರಯೋಜಕಪ್ರಾಯವಾಗಿದ್ದರೂ, ಅದರೊಡನೆ ಕಡಿಮೆ ಅಲೆಯುದ್ದದ ಬೆಳಕು ಸೇರಿದಾಗ ಎರಡರ ಫಲವು ಬೇರೆಬೇರೆಯಾದ ಫಲಗಳ ಮೊತ್ತವನ್ನು ಮೀರುತ್ತದೆಂದು ಆತನು ತೋರಿಸಿದನು. ಎಲೆಯೊಳಗೆ ಬೆಳಕನ್ನು ಹಿಡಿಯುವ ವ್ಯವಸ್ಥೆಗಳು ಎರಡಿದ್ದು, ಅವು ಒಂದರ ಹಿಂದೊಂದು ದುಡಿಯುತ್ತವೆಂಬ ಇಂದಿನ ಸಿದ್ಧಾಂತವು ಈ ಶೋಧದಿಂದಲೇ ಮೊಳೆಯಿತು. ಎಲೆಯ ರಚನೆಯೇ ಹೀಗಿರುವಾಗ ಒಂದೇ ಬಣ್ಣದ ದೀಪದಿಂದ ಅದನ್ನು ಒಪ್ಪಿಸುವುದು ಹೇಗೆ?

೪

ಪ್ರಯೋಗಶಾಲೆಯ ಈ ಪದ್ಧತಿಯು ಮನೆಯನ್ನು ಹೊಕ್ಕುದನ್ನು ಈಗ ನೋಡಬೇಕು. ಅಮೆರಿಕದ ಉತ್ತರಭಾಗದ ಊರುಗಳಲ್ಲಿ ಚಳಿಗಾಲದ ಹಗಲು ಅತಿ ಮೋಟು. ನೆಲಮಾಳಿಗೆಗಳಲ್ಲಿ ಬೆಳಕೇ ಇಲ್ಲ. ಅಲ್ಲಿ ಆಫ್ರಿಕನ್ ವಯಲೆಟ್ ಎಂಬ ಪುಟ್ಟ ಹೂಗಿಡವನ್ನು ಸಾಕುವವರು ಟ್ಯೂಬುದೀಪವನ್ನು ಬಹು ಬೇಗನೆ ಕೈಗೆತ್ತಿಕೊಂಡರು. ಕ್ರಾಂಜ್ ದಂಪತಿಗಳು ದೀಪದಡಿಯ ತೋಟಗಾರಿಕೆಯನ್ನು ಕುರಿತ ಗ್ರಂಥವೊಂದನ್ನು ೧೯೫೭ರಲ್ಲಿ, ಎಂದರೆ ಎಮರ್ಸನ್ನನ ಶೋಧವು ಹೊರಬಂದ ವರ್ಷದಲ್ಲಿಯೇ, ಗೃಹಸ್ಥರಿಗಾಗಿ ಪ್ರಕಟಿಸಿದರು.

ಈ ಹವ್ಯಾಸಿಗಳಲ್ಲಿ ರೂಢಿಯಾದ ಸೂತ್ರವೊಂದಿದೆ: ಒಂದು ತಂಪುಬಿಳಿಯ ಟ್ಯೂಬು, ಒಂದು ಬೆಚ್ಚಬಿಳಿಯ ಟ್ಯೂಬು. ಮೊದಲನೆಯದರಲ್ಲಿ ನೀಲಿ ಹೆಚ್ಚು, ಎರಡನೆಯದರಲ್ಲಿ ಕೆಂಪು ಹೆಚ್ಚು. ಇದು ಅಂಗಡಿಯಲ್ಲಿ ದೊರೆಯುವ ಅತ್ಯಂತ ಅಗ್ಗದ ಸಾಮಗ್ರಿಯಿಂದ ಕಟ್ಟಿದ ವರ್ಣದ ಬೆರಕೆಯೇ ಅಲ್ಲವೇ? ೧೯೬೦ರ ದಶಕದ ಮೊದಲ ವರ್ಷಗಳಲ್ಲಿ ಗ್ರೋಲಕ್ಸ್ ಎಂಬ ಹೆಸರಿನಲ್ಲಿ ಸಸ್ಯಗಳಿಗಾಗಿಯೇ ತಯಾರಾದ ನಸುಗೆಂಪು ಟ್ಯೂಬು ಬಂದಾಗ, ಅದೇ ಬೆರಕೆಯನ್ನು ಒಂದೇ ಕೊಳವೆಯ ಲೇಪದೊಳಗೆ ಮಾಡಿದಂತಾಯಿತು. ಹೀಗೆ ನೋಡಿದರೆ ಕಾರ್ಖಾನೆಯು ಕೊಳವೆಯೊಳಗೆ ಮಾಡಿದುದನ್ನು ಗೃಹಸ್ಥನು ಕೊಳವೆಯ ಹೊರಗೆ ಆಗಲೇ ಮಾಡಿಕೊಂಡಿದ್ದನು.

ಕೆಂಪು ಮತ್ತು ನೀಲಿಗಳಷ್ಟೇ ಸಾಕು, ಹಸುರು ವ್ಯರ್ಥವೆಂಬ ನಂಬಿಕೆಯು ಈ ಕಾಲದಲ್ಲಿ ಹರಡಿತು. ಇದನ್ನು ತಿದ್ದಿದವನು ಟೆಕ್ಸಾಸಿನ ಕೀತ್ ಮೆಕ್ರೀ. ೨೨ ಬೆಳೆಗಳ ಎಲೆಗಳನ್ನು ಪರೀಕ್ಷಿಸಿ ೧೯೭೨ರಲ್ಲಿ ಆತನು ಪ್ರಕಟಿಸಿದ ರೇಖೆಗಳಲ್ಲಿ ಕೆಂಪು ೬೨೦ ನ್ಯಾನೋಮೀಟರಿನ ಬಳಿಯೂ ನೀಲಿ ೪೪೦ರ ಬಳಿಯೂ ಶಿಖರಗಳನ್ನು ಮುಟ್ಟಿದರೂ, ನಡುವಣ ಹಸುರು ಪಾತಾಳಕ್ಕೆ ಇಳಿಯಲಿಲ್ಲ. ಪಾಚಿಯ ತೆಳ್ಳನೆಯ ಎಳೆಯಲ್ಲಿ ಎಂಗೆಲ್ಮನ್ ಕಂಡುದು ದಪ್ಪನೆಯ ಎಲೆಗೆ ಪೂರ್ತಿಯಾಗಿ ಒಪ್ಪುವುದಿಲ್ಲ. ಎಲೆಯೊಳಗೆ ಹೊಕ್ಕ ಹಸುರು ಬೆಳಕು ಅತ್ತಿತ್ತ ಚದುರಿ ಕೊನೆಗೆ ಬಹುಮಟ್ಟಿಗೆ ಬಳಕೆಯಾಗಿಯೇ ಹೋಗುತ್ತದೆ. ಬಿಳಿಯ ಟ್ಯೂಬನ್ನು ಬಿಡದೆ ಇಟ್ಟುಕೊಂಡ ಹವ್ಯಾಸಿಗಳ ಪಕ್ಷಕ್ಕೆ ಇದು ಬಲವಾದ ಸಾಕ್ಷ್ಯ.

೫

ಕಾಣುವ ಕೆಂಪು ಬೆಳಕನ್ನು ಸೂಸುವ ಡಯೋಡನ್ನು ನಿಕ್ ಹೊಲೊನ್ಯಾಕ್ ಅಮೆರಿಕದಲ್ಲಿ ೧೯೬೨ರಲ್ಲಿ ನಿರ್ಮಿಸಿದನು. ಆದರೆ ಅದು ಗಿಡವನ್ನು ಬೆಳೆಸುವಷ್ಟು ಪ್ರಖರವಾಗಲು ಕಾಲು ಶತಮಾನವೇ ಬೇಕಾಯಿತು. ೧೯೮೦ರ ದಶಕದ ಕೊನೆಯಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾದ ಆಶ್ರಯದಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದವರು ಇದರ ಕಡೆಗೆ ತಿರುಗಿದರು. ಆಕಾಶಯಾನದಲ್ಲಿ ಗಾಜು ಒಡೆಯಬಾರದು, ಪಾದರಸ ಚೆಲ್ಲಬಾರದು, ಭಾರವೂ ಗಾತ್ರವೂ ಮಿತವಾಗಿರಬೇಕು, ದೀಪವು ಬಹುಕಾಲ ಬಾಳಬೇಕು. ಈ ಎಲ್ಲ ಗುಣಗಳೂ ಎಲ್.ಇ.ಡಿ.ಯಲ್ಲಿದ್ದುವು; ಅದು ಸೂಸುವ ೬೬೦ ನ್ಯಾನೋಮೀಟರಿನ ಕೆಂಪು ಪತ್ರಹರಿತ್ತಿನ ಗ್ರಹಣಕ್ಕೂ ಹೊಂದಿಕೊಳ್ಳುತ್ತಿತ್ತು.

ಇಲ್ಲದಿದ್ದುದು ನೀಲಿ. ಪ್ರಖರವಾದ ನೀಲಿ ಡಯೋಡು ಅಂದಿಗೆ ಇನ್ನೂ ಹುಟ್ಟಿರಲಿಲ್ಲ. ಹಾಗಾದರೆ ಅವರು ಮಾಡಿದುದೇನು? ಕೆಂಪು ಎಲ್.ಇ.ಡಿ.ಗಳ ಪಕ್ಕದಲ್ಲಿ ನೀಲಿಯ ಟ್ಯೂಬುದೀಪಗಳನ್ನಿಟ್ಟರು. ಬುಲಾ, ಮಾರೋ, ಟಿಬ್ಬಿಟ್ಸ್ ಮೊದಲಾದವರು ೧೯೯೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಚದರ ಮೀಟರಿಗೆ ಸೆಕೆಂಡಿಗೆ ೩೨೫ ಮೈಕ್ರೋಮೋಲ್ ಬೆಳಕಿನ ಕಣಗಳನ್ನು ಸುರಿಸುವ ಇಂಥ ದೀಪದಡಿಯಲ್ಲಿ ೨೧ ದಿನ ಬೆಳೆದ 'ಗ್ರಾಂಡ್ ರ್‍ಯಾಪಿಡ್ಸ್' ಲೆಟ್ಯೂಸ್, ತಂಪುಬಿಳಿಯ ಟ್ಯೂಬು ಮತ್ತು ತಂತಿದೀಪಗಳಡಿಯಲ್ಲಿ ಬೆಳೆದುದಕ್ಕೆ ಸರಿದೂಗಿತೆಂದು ವರದಿಯಾಗಿದೆ. ಈ ವಾಕ್ಯವನ್ನು ವಾಚಕರು ಎರಡು ಸಲ ಓದಬೇಕೆಂದು ಬೇಡುತ್ತೇನೆ. ಎಲ್.ಇ.ಡಿ. ಯುಗದ ಪ್ರಥಮ ಪ್ರಮಾಣಗ್ರಂಥವೆಂದು ಹೇಳಬಹುದಾದ ಈ ಪ್ರಬಂಧದಲ್ಲಿ ಪರೀಕ್ಷೆಗೊಳಗಾದ ದೀಪವೂ ಮಿಶ್ರ. ಅದನ್ನು ಅಳೆಯಲು ಬಳಸಿದ ಅಳತೆಗೋಲೂ ಮಿಶ್ರ. ಒಂಟಿದೀಪವು ಎರಡು ತಟ್ಟೆಗಳಲ್ಲಿಯೂ ಇಲ್ಲ.

ಟ್ಯೂಬಿನ ನೀಲಿಯು ಅಲ್ಲಿ ಬರಿಯ ಅಲಂಕಾರವಾಗಿರಲಿಲ್ಲವೆಂಬುದನ್ನು ಅದೇ ಬಳಗದ ಹೋನೆಕ್, ಬುಲಾ, ಟಿಬ್ಬಿಟ್ಸ್ ಎಂಬವರು ೧೯೯೨ರಲ್ಲಿ ತೋರಿಸಿದರು. ಕೆಂಪು ಎಲ್.ಇ.ಡಿ.ಯಡಿಯಲ್ಲಿ ಮಾತ್ರ ಬೆಳೆದ ಸಸಿಗಳ ಕಾಂಡವು ಕತ್ತಲೆಯಲ್ಲಿ ಬೆಳೆದುದರಂತೆ ನೀಳವಾಗಿ ಬಳುಕುತ್ತಿತ್ತು. ೧೫ ಮೈಕ್ರೋಮೋಲಿನಷ್ಟು ನೀಲಿಯನ್ನು ಕೂಡಿಸಿದೊಡನೆ ಆ ದೋಷವು ನಿಂತಿತು. ೧೯೯೭ರಲ್ಲಿ ಕೆನೆಡಿ ಬಾಹ್ಯಾಕಾಶ ಕೇಂದ್ರದ ಗಾಯಿನ್ಸ್ ಮತ್ತಿತರರು ಗೋಧಿಯನ್ನು ಪರೀಕ್ಷಿಸಿದರು. ಬರಿಯ ಕೆಂಪಿನಲ್ಲಿಯೂ ಗೋಧಿಯು ಬೀಜದಿಂದ ಬೀಜದವರೆಗೆ ತನ್ನ ಬಾಳನ್ನು ಮುಗಿಸಿತಾದರೂ, ನೀಲಿಯ ಟ್ಯೂಬಿನ ಬೆಳಕನ್ನು ಸೇರಿಸಿದಾಗ ಗಿಡವೂ ಕಾಳೂ ಹೆಚ್ಚಿದುವು.

ನೀಲಿ ಡಯೋಡು ಬಂದ ಮೇಲೆ ಟ್ಯೂಬಿನ ಕಾರ್ಯವು ಮುಗಿಯಿತೆನ್ನಬಹುದೇ? ಜಪಾನಿನ ಅಕಸಾಕಿ, ಅಮಾನೊ, ನಕಮುರಾ ಇವರ ಪರಿಶ್ರಮದಿಂದ ನೀಲಿ ಡಯೋಡು ಸಿದ್ಧಿಸಿ, ೧೯೯೩ರಲ್ಲಿ ಪ್ರಖರರೂಪದಲ್ಲಿ ಹೊರಬಂದಿತು. ಇದಕ್ಕಾಗಿ ಆ ಮೂವರಿಗೆ ೨೦೧೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಆದರೂ ಕೆಂಪು ನೀಲಿ ಡಯೋಡುಗಳೆರಡೂ ಕೈಯಲ್ಲಿದ್ದ ಕಿಮ್, ಗಾಯಿನ್ಸ್, ವೀಲರ್, ಸೇಗರ್ ಎಂಬವರು ೨೦೦೪ರಲ್ಲಿ ಅವುಗಳ ಜತೆಗೆ ಮತ್ತೆ ಟ್ಯೂಬನ್ನೇ ಇಟ್ಟರು, ಈ ಸಲ ಹಸುರು ಟ್ಯೂಬನ್ನು. ಬರಿಯ ಕೆಂಪು-ನೀಲಿಗಳ ಕೆಳಗೆ ಎಲೆಗಳು ಕಂದುನೇರಿಳೆಯಾಗಿ ಕಂಡು ರೋಗವನ್ನು ಗುರುತಿಸುವುದು ಕಷ್ಟವಾಗುತ್ತಿತ್ತೆಂಬುದು ಅವರ ಒಂದು ಪ್ರೇರಣೆ. ಫಲಿತಾಂಶವು ಅದಕ್ಕಿಂತಲೂ ಮಿಗಿಲಾಯಿತು: ಬೆಳಕಿನ ಒಟ್ಟು ಮೊತ್ತವನ್ನು ಹೆಚ್ಚಿಸದೆ ಅದರಲ್ಲಿ ನೂರಕ್ಕೆ ೨೪ರಷ್ಟು ಭಾಗವು ಹಸುರಾಗಿದ್ದಾಗ ಲೆಟ್ಯೂಸ್ ಹೆಚ್ಚು ಬೆಳೆಯಿತು. ಮೊತ್ತವು ಅಷ್ಟೇ ಇದ್ದುದರಿಂದ ಇದು ಶುದ್ಧವಾದ ವರ್ಣದ ಬೆರಕೆಯ ಫಲವೆಂಬುದರಲ್ಲಿ ಸಂದೇಹವಿಲ್ಲ.

೬

ಇನ್ನು ಮನೆಯ ಮಿಶ್ರದೀಪಕ್ಕೆ ಬರೋಣ. ಅದರ ರಚನೆಯು ಸರಳವಾದುದು. ನಾಲ್ಕಡಿ ಉದ್ದದ ೩೬ ವ್ಯಾಟಿನ ಟ್ಯೂಬುಗಳೆರಡು. ಅವುಗಳ ಬೆನ್ನಿಗೆ ಬೆಳಕನ್ನು ಕೆಳಕ್ಕೆ ಹಾಯಿಸುವ ಬಿಳಿ ಬಳಿದ ತಗಡು. ನಡುವೆ ಕೆಂಪು ಎಲ್.ಇ.ಡಿ.ಗಳು. ಡಯೋಡಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಕೊಡುವಂತಿಲ್ಲ. ೧೨ ವೋಲ್ಟಿನ ಏಕಮುಖ ವಿದ್ಯುತ್ತಿನ ಪೆಟ್ಟಿಗೆಯೊಂದು ಬೇಕು. ಕೆಂಪು ಡಯೋಡೊಂದು ಸುಮಾರು ೨ ವೋಲ್ಟನ್ನು ತೆಗೆದುಕೊಳ್ಳುತ್ತದೆ. ಐದನ್ನು ಸರಪಣಿಯಂತೆ ಪೋಣಿಸಿದರೆ ೧೦ ವೋಲ್ಟು; ಉಳಿದ ೨ ವೋಲ್ಟನ್ನು ತಡೆಯಲು, ೨೦ ಮಿಲಿಆಂಪಿಯರ್ ಪ್ರವಾಹಕ್ಕೆ, ೧೦೦ ಓಮಿನ ನಿರೋಧಕವೊಂದು ಸಾಕು. ಇಷ್ಟನ್ನು ಪ್ರೌಢಶಾಲೆಯ ಗಣಿತವೇ ಹೇಳಿಕೊಡುತ್ತದೆ. ನೀರೂ ಮನೆಯ ವಿದ್ಯುತ್ತೂ ಒಂದೆಡೆ ಸೇರುವುದರಿಂದ ತಗಡನ್ನು ಭೂಮಿಗೆ ಸೇರಿಸುವುದು ಅಗತ್ಯ.

ಇದೇ ಗಣಿತವು ಹವ್ಯಾಸಿಯ ವಿರುದ್ಧವಾಗಿಯೂ ಸಾಕ್ಷಿ ನುಡಿಯುತ್ತದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಐದು ಡಯೋಡುಗಳ ಒಂದು ಸರಪಣಿಯು ಹೀರುವುದು ೦.೨೪ ವ್ಯಾಟು. ಇಂಥ ಹತ್ತು ಸರಪಣಿಗಳನ್ನು, ಎಂದರೆ ಐವತ್ತು ಡಯೋಡುಗಳನ್ನು, ಶ್ರಮಪಟ್ಟು ಬೆಸೆದರೂ ಒಟ್ಟು ೨.೪ ವ್ಯಾಟಾಯಿತು. ಪಕ್ಕದಲ್ಲಿ ಉರಿಯುತ್ತಿರುವ ಟ್ಯೂಬುಗಳು ೭೨ ವ್ಯಾಟಿನವು. ಮೂವತ್ತರಲ್ಲಿ ಒಂದು ಪಾಲಿನ ಈ ಕೆಂಪು ಕಣ್ಣಿಗೆ ಕಾಣುವಷ್ಟು ಗಿಡಕ್ಕೆ ತಾಗುವುದಿಲ್ಲ. ಸಣ್ಣ ಡಯೋಡುಗಳಿಂದ ಕಟ್ಟಿದ ಮಿಶ್ರದೀಪಗಳಲ್ಲಿ ಹಲವು ನಾಮಮಾತ್ರಕ್ಕೆ ಮಿಶ್ರವೆಂದು ಒಪ್ಪಲೇಬೇಕು. ೩೫೦ ಮಿಲಿಆಂಪಿಯರ್ ಪ್ರವಾಹವನ್ನು ತಾಳುವ ದೊಡ್ಡ ಡಯೋಡುಗಳು ೧೯೯೦ರ ದಶಕದ ಕೊನೆಯಿಂದೀಚೆಗೆ ದೊರೆಯತೊಡಗಿದ ಮೇಲೆ ಪರಿಸ್ಥಿತಿಯು ಬದಲಾಯಿತು. ಅಂಥ ಹನ್ನೆರಡನ್ನು ಅಲ್ಯೂಮಿನಿಯಂ ಪಟ್ಟಿಗೆ ಬಿಗಿದರೆ ಒಂಬತ್ತು ವ್ಯಾಟಿಗೆ ಸಮೀಪವಾಗುತ್ತದೆ. ಡಯೋಡು ತನ್ನ ಬೇಗೆಯನ್ನು ಮುಂದಕ್ಕೆ ಬೀರದೆ ಬೆನ್ನಿನಿಂದ ಬಿಡುವುದರಿಂದ ಆ ಪಟ್ಟಿಯಿಲ್ಲದಿದ್ದರೆ ಅದು ಬಾಳಲಾರದು.

ಪ್ರಯೋಗಶಾಲೆಯ ದೀಪಕ್ಕೂ ಮನೆಯ ದೀಪಕ್ಕೂ ಇರುವ ಮುಖ್ಯ ಭೇದವನ್ನು ಇಲ್ಲಿ ಹೇಳಬೇಕು. ವಿಸ್ಕಾನ್ಸಿನ್ನಿನಲ್ಲಿ ಕೆಂಪು ಡಯೋಡು ಅನ್ನ, ಟ್ಯೂಬು ಉಪ್ಪು. ಮನೆಯಲ್ಲಿ ಟ್ಯೂಬು ಅನ್ನ, ಡಯೋಡು ಉಪ್ಪು. ಅಂಗಗಳು ಅವೇ, ಪ್ರಾಧಾನ್ಯ ಮಾತ್ರ ತಲೆಕೆಳಗು. ಹೀಗಾದುದು ಅಜ್ಞಾನದಿಂದಲ್ಲ. ಟ್ಯೂಬು ಅಗ್ಗ, ಮನೆಯಲ್ಲಿ ಆಗಲೇ ಇದ್ದುದು. ನೀಲಿ ಮತ್ತು ಹಸುರುಗಳಿಗೆ ಅದರಲ್ಲಿ ಕೊರತೆಯಿಲ್ಲ. ಕೊರತೆಯಿದ್ದುದು ೬೬೦ರ ಸುತ್ತಣ ಕಡುಗೆಂಪಿಗೆ. ಆ ಕೊರತೆ ಯಾವುದೋ ಅದನ್ನೇ ಹವ್ಯಾಸಿಯು ತುಂಬಿದನು. ಟ್ಯೂಬಿಗೆ ತಂತಿದೀಪವನ್ನು ಸೇರಿಸಿದ ಹಿಂದಿನ ವಿಜ್ಞಾನಿಗಳ ತರ್ಕವೂ ಇದೇ ಅಲ್ಲದೆ ಬೇರೆಯಲ್ಲ.

೭

ಇಲ್ಲಿ ಪೂರ್ವಪಕ್ಷಿಯು ಒಂದು ಮಾತನ್ನು ಹೇಳಬಹುದು: "ಇದೆಲ್ಲ ಗತಕಾಲದ ಮಾತಾಯಿತು. ಬಿಳಿಯ ಎಲ್.ಇ.ಡಿ.ಯು ಈಗ ಎಲ್ಲೆಡೆಯೂ ಇದೆ. ಅದು ಒಂಟಿಯಾಗಿಯೇ ಗಿಡವನ್ನು ಬೆಳೆಸುತ್ತದೆ. ಕೊನೆಗೆ ಒಬ್ಬನೇ ರಾಜನು ಗೆದ್ದಂತಾಗಲಿಲ್ಲವೇ?" ಎಂದು. ಈ ಆಕ್ಷೇಪಣೆಯು ಮೇಲುನೋಟಕ್ಕೆ ಬಲವಾಗಿದೆ. ಆದರೆ ಆ ರಾಜನ ವಸ್ತ್ರವನ್ನು ಸರಿಸಿ ನೋಡೋಣ. ೧೯೯೬ರಲ್ಲಿ ಜಪಾನಿನ ನಿಚಿಯಾ ಕಾರ್ಖಾನೆಯಿಂದ ಹೊರಬಂದ ಬಿಳಿಯ ಎಲ್.ಇ.ಡಿ.ಯೊಳಗೆ ಇರುವುದು ಒಂದು ನೀಲಿ ಡಯೋಡು. ಅದರ ಮೇಲೆ ಒಂದು ಲೇಪ. ಡಯೋಡಿನ ನೀಲಿಯಲ್ಲಿ ಒಂದಂಶವನ್ನು ಆ ಲೇಪವು ನುಂಗಿ ಹಳದಿಯಾಗಿ ಉಗುಳುತ್ತದೆ. ಉಳಿದ ನೀಲಿಯೊಡನೆ ಅದು ಬೆರೆತು ಬಿಳುಪೆನಿಸುತ್ತದೆ. ಒಂದು ಬಣ್ಣವನ್ನು ನುಂಗಿ ಇನ್ನೊಂದನ್ನು ಉಗುಳುವ ಈ ಲೇಪವು ಟ್ಯೂಬುದೀಪದ ಲೇಪಕ್ಕೆ ಸಗೋತ್ರವಾದುದೇ. ಅಷ್ಟೇ ಅಲ್ಲ, ಸಸ್ಯಗಳಿಗಾಗಿ ಇಂದು ಮಾರುವ ದೀಪಗಳಲ್ಲಿ ಬಿಳಿಯ ಡಯೋಡುಗಳ ನಡುವೆ ೬೬೦ರ ಕೆಂಪು ಡಯೋಡುಗಳನ್ನು ಸೇರಿಸಿರುವುದನ್ನು ಯಾರಾದರೂ ನೋಡಬಹುದು. ಎರಡು ಬಿಳಿಯ ಟ್ಯೂಬುಗಳ ನಡುವೆ ಕೆಂಪಿನ ಸಾಲನ್ನಿಟ್ಟ ಗೃಹಸ್ಥನ ಮಿಶ್ರದೀಪದ ವಿನ್ಯಾಸವೇ ಇಲ್ಲಿ ಹೊಸ ಸಾಮಗ್ರಿಯಲ್ಲಿ ಮರುಹುಟ್ಟು ಪಡೆದಿದೆ. ರಾಜನು ಗೆಲ್ಲಲಿಲ್ಲ, ಬೆರಕೆಯೇ ಗೆದ್ದಿತು.

ಟ್ಯೂಬುದೀಪವು ತಾನಾಗಿಯೂ ಕಾಲವಾಗುತ್ತಿದೆ. ಪಾದರಸವನ್ನು ಕುರಿತ ಮಿನಮಾಟ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು ೨೦೨೩ರಲ್ಲಿ ಜಿನೀವಾದಲ್ಲಿ ಸಭೆ ಸೇರಿ, ಇಂಥ ದೀಪಗಳ ತಯಾರಿಕೆಯನ್ನೂ ಆಮದು ರಫ್ತುಗಳನ್ನೂ ನಿಲ್ಲಿಸುವುದಕ್ಕೆ ೨೦೨೭ನ್ನು ಕೊನೆಯ ಗಡುವಾಗಿ ಗೊತ್ತುಮಾಡಿದುವು. ಪಾದರಸದ ವಿಷವನ್ನು ಬಲ್ಲವರು ಯಾರೂ ಇದಕ್ಕಾಗಿ ಮರುಗಬೇಕಾದ್ದಿಲ್ಲ. ಆದರೆ ಟ್ಯೂಬಿನೊಡನೆ ಮನೆಯ ಮಿಶ್ರದೀಪವೂ ಹೋಗುತ್ತದೆ. ವಿಸ್ಕಾನ್ಸಿನ್ನಿನ ಪ್ರಯೋಗಕ್ಕೆ ಮುದ್ರಿತ ಪ್ರಬಂಧವಿದೆ; ಕಾರ್ಖಾನೆಯ ದೀಪಕ್ಕೆ ಹಕ್ಕುಪತ್ರವಿದೆ; ನೆಲಮಾಳಿಗೆಯಲ್ಲಿಯೋ ಅಟ್ಟದ ಮೇಲೆಯೋ ತೂಗಿದ ತಗಡಿನ ದೀಪಕ್ಕೆ ಅಂಥ ಆಧಾರಗಳು ಯಾವುವೂ ಇಲ್ಲ. ಅದನ್ನು ಕಟ್ಟಿದವನು ಅಂದಾಜುಗಳನ್ನು ಗೀಚಿಟ್ಟ ಹಾಳೆ ಉಳಿದಿದ್ದರೆ ಉಂಟು, ಇಲ್ಲವಾದರೆ ಇಲ್ಲ. ಬರೆದವರ ಇತಿಹಾಸವೇ ಉಳಿದು ಮಾಡಿದವರದು ಅಳಿಯುವುದು ಶಾಸ್ತ್ರಗಳ ಚರಿತ್ರೆಯಲ್ಲಿ ಹೊಸತಲ್ಲ. ಸಾಹಿತ್ಯಚರಿತ್ರೆಯನ್ನು ಪಾಠಹೇಳುವವರು ಪಾಠಾಂತರಗಳನ್ನು ಬರೆದಿಟ್ಟ ಲಿಪಿಕಾರರ ವಿಷಯದಲ್ಲಿ ಇದನ್ನು ಚೆನ್ನಾಗಿ ಬಲ್ಲರು.

ಆದುದರಿಂದ ಅಂಥದೊಂದು ಹಳೆಯ ದೀಪವು ಯಾರ ಮನೆಯಲ್ಲಾದರೂ ಕಣ್ಣಿಗೆ ಬಿದ್ದರೆ, ಪಾದರಸದ ಕೊಳವೆಗಳನ್ನು ಒಡೆಯದಂತೆ ತಕ್ಕ ರೀತಿಯಲ್ಲಿ ವಿಲೇವಾರಿ ಮಾಡಿ, ತಗಡನ್ನೂ ತಂತಿಜೋಡಣೆಯನ್ನೂ ಅಳತೆಗಳನ್ನೂ ಗುರುತುಹಾಕಿಕೊಂಡು ಇಡುವುದು ಒಳ್ಳೆಯದು. ಬೆಳಕುಗಳಲ್ಲಿ ಯಾವುದು ಶ್ರೇಷ್ಠವೆಂದು ಶಾಸ್ತ್ರಜ್ಞರು ಬಹುಕಾಲ ಕೇಳಿದರು. ಯಾವುದಕ್ಕೆ ಯಾವುದು ಕೊರತೆಯೆಂದು ಗಿಡವು ಕೇಳುತ್ತಿತ್ತು. ಎರಡನೆಯ ಪ್ರಶ್ನೆಗೆ ಉತ್ತರ ಕೊಡಲು ಯತ್ನಿಸಿದ ದೀಪಗಳ ಸಾಲಿನಲ್ಲಿ ಮನೆಯ ಮಿಶ್ರದೀಪಕ್ಕೂ ಒಂದು ಸ್ಥಾನವುಂಟೆಂದು ಇಲ್ಲಿಗೆ ನಿರ್ಧರಿಸಬಹುದು.